ಆಂಪ್ಲಿಫೈಯರ್ ಪದೇ ಪದೇ ಪ್ರೊಟೆಕ್ಟ್‌ಗೆ ಹೋದರೆ: ಕರೆಂಟ್ ಲಿಮಿಟ್ ನೋಡುವ, ಪವರ್ ಲಿಮಿಟ್ ಕೂರಿಸುವ ಬಗೆ

ಶಿರಾ, ಮಧುಗಿರಿ, ಪಾವಗಡದ ಕಡೆ ರಾತ್ರಿಯಿಡೀ ಪೌರಾಣಿಕ ನಾಟಕ. ಜನ ಜಾಸ್ತಿ ಸೇರಿದರೆಂದು ಮೈಕ್ ಸೆಟ್‌ನವರು ಇನ್ನೆರಡು ಬಾಕ್ಸ್ ಸೇರಿಸಿರುತ್ತಾರೆ. ಭೀಮನ ಪಾತ್ರಧಾರಿ ಕಂದ ಎತ್ತಿದೊಡನೆ ಕೆಂಪು ಲೈಟ್ ಹತ್ತಿ ಸದ್ದು ನಿಲ್ಲುತ್ತದೆ. ಆಂಪ್ ಪ್ರೊಟೆಕ್ಟ್‌ಗೆ ಹೋಯಿತು ಅನ್ನುವುದು ಇದಕ್ಕೇ. ಆಗ ಪ್ರೊಟೆಕ್ಷನ್ ರಿಲೇಗೆ (ತೊಂದರೆಯಾದಾಗ ಸ್ಪೀಕರ್‌ನ ದಾರಿ ಕಡಿಯುವ ಸ್ವಿಚ್) ಜಂಪರ್ ತಂತಿ ಹಾಕಿ ನಾಟಕ ಮುಗಿಸುವವರಿದ್ದಾರೆ. ಹಾಗೆ ಮಾಡಲೇಬೇಡಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ 70 ವೋಲ್ಟ್ ಡಿಸಿ ನೇರ ಸ್ಪೀಕರ್‌ಗೆ ಹೋಗುತ್ತದೆ; 6 ಓಮ್‌ನ ಕಾಯಿಲ್‌ನಲ್ಲಿ ಅದು 800 ವ್ಯಾಟ್‌ಗೂ ಹೆಚ್ಚಿನ ಬರೀ ಶಾಖ.

ಜಾಗದಲ್ಲೇ ಮೊದಲು ಲೋಡ್, ಅಂದರೆ ಆಂಪ್‌ಗೆ ಸೇರಿದ ಸ್ಪೀಕರ್‌ಗಳ ಒಟ್ಟು ಓಮ್, ಅಳೆಯಿರಿ. ಆಂಪ್ ಆಫ್ ಮಾಡಿ, ಸ್ಪೀಕರ್ ಕೇಬಲನ್ನು ಆಂಪ್ ಕಡೆ ಬಿಚ್ಚಿ, ಆ ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 8 ಓಮ್‌ನ ಬಾಕ್ಸ್ ಒಂದಿದ್ದರೆ ಸುಮಾರು 6 ಓಮ್, ಎರಡಿದ್ದರೆ 3, ನಾಲ್ಕಿದ್ದರೆ 1.5 ತೋರಿಸಬೇಕು, ಉದ್ದದ ಕೇಬಲ್ ಇದ್ದರೆ ಅದರ ಓಮ್ ಇದಕ್ಕೆ ಸೇರುತ್ತದೆ. ಮೀಟರ್ ತೋರಿಸುವುದು ಡಿಸಿ ಓಮ್, ಅದು ಬಾಕ್ಸ್ ಮೇಲಿನ ರೇಟಿಂಗ್‌ಗಿಂತ ಕಡಿಮೆ; ರೇಟಿಂಗ್ ಲೆಕ್ಕದಲ್ಲಿ ಪ್ಯಾರಲಲ್ ಹಾಕಿದ ನಾಲ್ಕು ಬಾಕ್ಸ್ ಅಂದರೆ 2 ಓಮ್ ಲೋಡ್. ಆಂಪ್ ಹಿಂಬದಿಯಲ್ಲಿ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ತಪ್ಪು ಆಂಪ್‌ನದಲ್ಲ. ಬ್ರಿಡ್ಜ್ ಮಾಡಿದ್ದರೆ, ಅಂದರೆ ಎರಡು ಚಾನಲ್ ಸೇರಿಸಿ ಒಂದೇ ಲೋಡ್‌ಗೆ ಕೊಟ್ಟಿದ್ದರೆ, ಇನ್ನೂ ಕಷ್ಟ: 4 ಓಮ್ ಹಾಕಿದರೂ ಪ್ರತಿ ಚಾನಲ್ ಪಾಲಿಗೆ ಅದು 2 ಓಮ್.

ಕೇಬಲ್ ವಿಚಾರದಲ್ಲಿ ಒಂದು ಮೋಸವಿದೆ. 1 ಚದರ ಮಿ.ಮೀ. ತಂತಿ 50 ಮೀಟರ್ ಎಳೆದರೆ ಹೋಗಿ ಬರುವ ದಾರಿಯೇ ಸುಮಾರು 2 ಓಮ್. ಅದರ ಆ ತುದಿಯಲ್ಲಿ ಶಾರ್ಟ್ ಆಗಿದ್ದರೂ ಆಂಪ್‌ಗೆ ಅದು 2 ಓಮ್ ಲೋಡ್‌ನಂತೆ ಕಾಣುತ್ತದೆ. ತಕ್ಷಣ ಟ್ರಿಪ್ ಆಗದೆ, ಹೀಟ್‌ಸಿಂಕ್ ಕಾದು ಕಾದು ಅರ್ಧ ಗಂಟೆಯ ಮೇಲೆ ಥರ್ಮಲ್ ಕಟ್ ಆಗಬಹುದು. ಫ್ಯಾನ್ ಕೆಟ್ಟಿದೆ ಎಂದುಕೊಂಡು ಕೂರಬೇಡಿ. 2.5 ಚದರ ಮಿ.ಮೀ. ತಂತಿಯಾದರೆ ಅದೇ ದೂರಕ್ಕೆ 0.75 ಓಮ್‌ನ ಆಸುಪಾಸು.

ಲೋಡ್ ಸರಿಯಿದ್ದೂ ಕಟ್ ಆಗುತ್ತಿದ್ದರೆ ಆಂಪ್ ಅಂಗಡಿಯ ಟೇಬಲ್ಲಿಗೆ ಬರಬೇಕು. ಉದಾಹರಣೆಗೆ ±70 ವೋಲ್ಟ್ ರೈಲ್ (ಆಂಪ್ ಒಳಗಿನ ಡಿಸಿ ಸಪ್ಲೈ), ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಾಗಿ 2ಎಸ್‌ಸಿ5200 ಮತ್ತು 2ಎಸ್‌ಎ1943 ನಾಲ್ಕು ಜೋಡಿ, ಒಂದೊಂದರ ಕರೆಂಟ್ ಹರಿಯುವ ಎಮಿಟರ್ ರೆಸಿಸ್ಟರ್ 0.22 ಓಮ್. 4 ಓಮ್‌ಗೆ ಪೀಕ್ ಕರೆಂಟ್ 17.5 ಆಂಪಿಯರ್, ಅಂದರೆ ಒಂದೊಂದು ಟ್ರಾನ್ಸಿಸ್ಟರ್‌ಗೆ 4.4. ಔಟ್‌ಪುಟ್ ಶಾರ್ಟ್ ಆದಾಗಲೂ ಅಷ್ಟೇ ಕರೆಂಟ್ ಬಿಟ್ಟರೆ ಪೂರ್ತಿ 70 ವೋಲ್ಟ್ ಟ್ರಾನ್ಸಿಸ್ಟರ್ ಮೇಲೆಯೇ ಬೀಳುತ್ತದೆ: ತಲಾ 306 ವ್ಯಾಟ್. ಅದರ ರೇಟಿಂಗ್ 150 ವ್ಯಾಟ್, ಅದೂ ಕೇಸ್ 25 ಡಿಗ್ರಿಯಲ್ಲಿದ್ದಾಗ. ಕೇಸ್ 75 ಡಿಗ್ರಿಗೆ ಕಾದರೆ 90 ವ್ಯಾಟ್ ಮಾತ್ರ. ಅದಕ್ಕೇ ಲಿಮಿಟರ್ (ಕರೆಂಟ್‌ಗೆ ಕಡಿವಾಣ ಹಾಕುವ ಸರ್ಕ್ಯೂಟ್) ಬರೀ ಕರೆಂಟ್ ನೋಡಿದರೆ ಸಾಲದು, ಟ್ರಾನ್ಸಿಸ್ಟರ್ ಮೇಲಿನ ವೋಲ್ಟೇಜನ್ನೂ ನೋಡಬೇಕು. ಎಮಿಟರ್ ರೆಸಿಸ್ಟರ್‌ನಿಂದ ಒಂದು ದಾರಿ, ರೈಲ್ ಕಡೆಯಿಂದ ಹೆಚ್ಚು ಓಮ್‌ನ ರೆಸಿಸ್ಟರ್ ಮೂಲಕ ಇನ್ನೊಂದು ದಾರಿ, ಎರಡೂ ಒಂದು ಚಿಕ್ಕ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಬರುತ್ತವೆ. ಅಲ್ಲಿ 0.6 ವೋಲ್ಟ್ ಆದೊಡನೆ ಅದು ಡ್ರೈವ್ ಕಸಿದುಕೊಳ್ಳುತ್ತದೆ. ರೈಲ್ ಕಡೆಯ ರೆಸಿಸ್ಟರ್ ಓಪನ್ ಆಗಿದ್ದರೆ ಆಂಪ್ ಚೆನ್ನಾಗಿಯೇ ಹಾಡುತ್ತದೆ, ಮೊದಲ ಶಾರ್ಟ್‌ಗೆ ಸಾಯುತ್ತದೆ. ಹಾಗಾಗಿ ಟ್ರಾನ್ಸಿಸ್ಟರ್ ಬದಲಿಸಿದಾಗಲೆಲ್ಲ ಎರಡೂ ಕಡೆಯ ಈ ರೆಸಿಸ್ಟರ್‌ಗಳನ್ನು ಒಂದು ಕಾಲು ಬಿಚ್ಚಿ ಅಳೆಯಿರಿ.

ಕೈ ಹಾಕುವ ಮುನ್ನ ಪ್ಲಗ್ ಕಿತ್ತು, ಪ್ರತಿ ರೈಲ್‌ನಿಂದ ಗ್ರೌಂಡ್‌ಗೆ 1 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರ್ ಹಿಡಿಯಿರಿ. 10,000 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ಚಾರ್ಜ್ ಇಳಿಯಲು ಒಂದು ನಿಮಿಷ ಬೇಕು. ಮೀಟರ್‌ನಲ್ಲಿ ನೋಡಿಯೇ ಮುಟ್ಟಿ. 0.22 ಓಮ್ ಅನ್ನು ಸಾಧಾರಣ ಮೀಟರ್ ನಂಬಿ ಅಳೆಯಬಾರದು: ಕಾಲು ಬಿಚ್ಚಿ 1 ಆಂಪಿಯರ್ ಹರಿಸಿ, 0.22 ವೋಲ್ಟ್ ಬರಬೇಕು.

ರಿಪೇರಿಯಾದ ಮೇಲೆ ಮೊದಲ ಆನ್ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡ್ (ಬಲ್ಬಿನ ಮೂಲಕವೇ ಕರೆಂಟ್ ಬರುವ ಬೋರ್ಡ್) ಮೇಲೆ, ಲೋಡ್ ಇಲ್ಲದೆ. ಬಲ್ಬ್ ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಔಟ್‌ಪುಟ್ ಡಿಸಿ 100 ಮಿಲಿವೋಲ್ಟ್ ಒಳಗಿದ್ದರೆ ಬಲ್ಬ್ ತೆಗೆದು, 8 ಓಮ್ ಡಮ್ಮಿ ಲೋಡ್ (ಸ್ಪೀಕರ್ ಬದಲಿಗೆ ಹಾಕುವ ದೊಡ್ಡ ರೆಸಿಸ್ಟರ್), ಆಮೇಲೆ 4 ಓಮ್ ಹಾಕಿ, 1 ಕಿಲೋಹರ್ಟ್ಸ್ ಟೋನ್ ಕೊಟ್ಟು ಸ್ಕೋಪ್‌ನಲ್ಲಿ (ಆಸಿಲೋಸ್ಕೋಪ್, ಅಲೆ ತೋರಿಸುವ ಯಂತ್ರ) ನೋಡಿ. ಲೋಡ್ ಇರುವಾಗಲೇ ರೈಲ್ ಎಷ್ಟಿದೆ ಅಳೆಯಿರಿ. ಅಲೆಯ ತುದಿ ಅದಕ್ಕಿಂತ ನಾಲ್ಕೈದು ವೋಲ್ಟ್ ಕೆಳಗೆ ಚಪ್ಪಟೆಯಾದರೆ ಅದು ಮಾಮೂಲಿ ಕ್ಲಿಪ್. ರೈಲ್ 64 ಇದ್ದು 45ಕ್ಕೇ ಕತ್ತರಿಸಿದರೆ ಲಿಮಿಟರ್ ಬೇಗ ಎದ್ದಿದೆ. ಮೇಲೆ ಅಥವಾ ಕೆಳಗೆ ಒಂದೇ ಕಡೆ ಕತ್ತರಿಸಿದರೆ ಆ ಕಡೆಯ ಒಂದು ಟ್ರಾನ್ಸಿಸ್ಟರ್ ಕೆಲಸ ಮಾಡದೆ ಉಳಿದವು ಹೊರೆ ಹೊತ್ತಿರಬಹುದು. ಬ್ರಿಡ್ಜ್ ಔಟ್‌ಪುಟ್‌ಗೆ ಸ್ಕೋಪ್‌ನ ಗ್ರೌಂಡ್ ಕ್ಲಿಪ್ ಹಾಕಬೇಡಿ, ಒಂದು ಚಾನಲ್ ನೇರ ಶಾರ್ಟ್ ಆಗುತ್ತದೆ.

ಇನ್ನು ಸ್ಪೀಕರ್ ಉಳಿಸುವ ಪವರ್ ಲಿಮಿಟ್. ಇದು ಕ್ರಾಸ್‌ಓವರ್‌ನಲ್ಲಿ (ಸದ್ದನ್ನು ತಗ್ಗು, ಎತ್ತರ ಎಂದು ಬೇರ್ಪಡಿಸಿ ಆಂಪ್‌ಗಳಿಗೆ ಕೊಡುವ ಯಂತ್ರ) ಕೂರಿಸುವಂಥದ್ದು. ಸ್ಪೀಕರ್ 400 ವ್ಯಾಟ್, 8 ಓಮ್ ಅಂದರೆ ಆಂಪ್ ಔಟ್‌ಪುಟ್‌ನಲ್ಲಿ 56 ವೋಲ್ಟ್. ಆಂಪ್ ಗೇನ್ 32 ಡಿಬಿ, ಅಂದರೆ 40 ಪಟ್ಟು, ಇನ್‌ಪುಟ್‌ನಲ್ಲಿ 1.4 ವೋಲ್ಟ್, ಅಂದಾಜು +5 ಡಿಬಿಯು (ಸಿಗ್ನಲ್ ವೋಲ್ಟೇಜಿನ ಅಳತೆ). ರಾತ್ರಿಯಿಡೀ ನಡೆಯುವ ಕಾರ್ಯಕ್ರಮಕ್ಕೆ ಇನ್ನೂ 3 ಡಿಬಿ ಇಳಿಸಿ, ಔಟ್‌ಪುಟ್ 40 ವೋಲ್ಟ್‌ಗೆ ನಿಲ್ಲಿಸಿ. ಪವರ್ ಅರ್ಧವಾದರೂ ಕಿವಿಗೆ ಕಾಣುವ ವ್ಯತ್ಯಾಸ ಸ್ವಲ್ಪವೇ. ಸ್ಪೀಕರ್ ಬಿಚ್ಚಿ, ಬಾಸ್ (ತಗ್ಗು ಸದ್ದಿನ) ಚಾನಲ್‌ಗೆ 60 ಹರ್ಟ್ಸ್ ಕೊಟ್ಟು, ಎಸಿ ವೋಲ್ಟ್‌ನಲ್ಲಿ ಅಳೆಯಿರಿ. ಅಗ್ಗದ ಮೀಟರ್ ಕೂಡ ಆ ಫ್ರೀಕ್ವೆನ್ಸಿಯಲ್ಲಿ ಸುಳ್ಳು ಹೇಳುವುದಿಲ್ಲ. ಆಂಪ್‌ನ ನಾಬ್ ಪೂರ್ತಿ ತೆರೆದಿಟ್ಟೇ ಈ ಲೆಕ್ಕ ಕೂರಿಸಿ. ಅರ್ಧಕ್ಕಿಟ್ಟು ಕೂರಿಸಿದರೆ, ಸೌಂಡ್ ಸಾಲದೆಂದು ಯಾರೋ ನಾಬ್ ತಿರುಗಿಸಿದ ಕ್ಷಣವೇ ಲಿಮಿಟ್ ಇದ್ದೂ ಇಲ್ಲದಂತೆ.