ಊರಿನ ಹೆಸರಲ್ಲೇ ಇದೆ ಮಾತ್ರೆ: ಮಕ್ಕಳಿಗೆ ತಾಳ ಮತ್ತು ಸ್ವರದ ಅಳತೆ ಓದಿಸುವ ಬಗೆ

ಹೊಸದಾಗಿ ಸಂಗೀತಕ್ಕೆ ಸೇರಿದ ಮಗುವಿಗೆ ಸ್ವರ, ತಾಳ, ಲಿಪಿ ಮೂರನ್ನೂ ಒಟ್ಟಿಗೆ ಕೊಟ್ಟರೆ ಒಂದು ಕೈತಪ್ಪುತ್ತದೆ. ಬಹುಪಾಲು ತಪ್ಪುವುದು ಲಿಪಿ. ಮಗು ಗುರುಗಳ ಬಾಯಿ ನೋಡಿ ಮೊದಲ ಸ್ವರಪಾಠವಾದ ಸರಳೆ ವರಸೆ ಒಪ್ಪಿಸುತ್ತದೆ, ಪುಸ್ತಕ ಸುಮ್ಮನೆ ಎದುರಿಗಿರುತ್ತದೆ. ಬೇರೆ ಬೇರೆ ತಾಳಗಳ ಸ್ವರಪಾಠವಾದ ಅಲಂಕಾರ ಮುಗಿದ ಮೇಲೂ ಗೊತ್ತಿಲ್ಲದ ಒಂದು ಸಾಲು ತೋರಿಸಿದರೆ ಓದಲು ಬರುವುದಿಲ್ಲ. ಹಾಗಾಗಿ ಓದಿಸುವಾಗ ಸ್ವರವನ್ನು ಕೊನೆಗಿಡಿ. ಮೊದಲು ಕೈ, ಆಮೇಲೆ ಮಾತು, ಆಮೇಲೆ ಬರಹ. ಪ್ರತಿ ಪಾಠದಲ್ಲಿ ಇದಕ್ಕೆಂದೇ ಹದಿನೈದು ನಿಮಿಷ ತೆಗೆದಿಟ್ಟರೆ ಸಾಕು. ಶ್ರುತಿಪೆಟ್ಟಿಗೆ ಆ ಹೊತ್ತಿಗೆ ಬೇಡ.

ಬೇಕಾದ ಸಾಮಾನು: ಗಣಿತಕ್ಕೆ ಬಳಸುವ ಚೌಕುಳಿ ಗೆರೆಯ ನೋಟ್‌ಬುಕ್, ಪೆನ್ಸಿಲ್, ಫೋನಿನಲ್ಲಿ ಸಮವೇಗದ ಎಣಿಕೆಯ ಸದ್ದು ಕೊಡುವ ಒಂದು ಮೆಟ್ರೋನೋಮ್ ಆ್ಯಪ್.

ಕೈ ಮೊದಲು

ಆದಿತಾಳದಿಂದ ಶುರುಮಾಡಿ. ಬಲ ಅಂಗೈಯಿಂದ ತೊಡೆಯ ಮೇಲೆ ಒಂದು ಪೆಟ್ಟು, ನಂತರ ಕಿರುಬೆರಳು, ಉಂಗುರಬೆರಳು, ನಡುಬೆರಳು. ಇದು ನಾಲ್ಕು ಅಕ್ಷರದ, ಅಂದರೆ ತಾಳದ ನಾಲ್ಕು ಎಣಿಕೆಯ, ಲಘು. ಮತ್ತೆ ಪೆಟ್ಟು, ಹುಸಿ (ಅಂಗೈಯನ್ನು ಮೇಲಕ್ಕೆ ತಿರುಗಿಸುವುದು), ಪೆಟ್ಟು, ಹುಸಿ. ಇವು ಎರಡು ದ್ರುತ. ಒಟ್ಟು ಎಂಟು ಅಕ್ಷರ, ಒಂದು ಆವರ್ತ. ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಬಾಯಿ ಮುಚ್ಚಿಕೊಂಡು ಎಂಟು ಆವರ್ತ ಹಾಕಿಸಿ.

ಹುಸಿಯನ್ನು ಗಮನವಿಟ್ಟು ನೋಡಿ. ಅಂಗೈ ಮೇಲೆ ತಿರುಗುವಾಗ ಸದ್ದಿಲ್ಲ, ಆದ್ದರಿಂದ ಮಕ್ಕಳು ಆ ಅಕ್ಷರವನ್ನು ಮೊಟಕು ಮಾಡಿ ಮುಂದಿನ ಪೆಟ್ಟಿಗೆ ಓಡುತ್ತಾರೆ. ಮೆಟ್ರೋನೋಮಿನ ಸದ್ದು ಕೈ ತಿರುಗಿ ನಿಂತ ಕ್ಷಣಕ್ಕೇ ಬೀಳಬೇಕು. ಇದು ಸರಿಹೋಗದೆ ಬರಹಕ್ಕೆ ಹೋಗಬೇಡಿ. ಸದ್ದಿಲ್ಲದ ಅಕ್ಷರವನ್ನು ಪೂರ್ತಿ ಎಣಿಸಲು ಕಲಿಯದ ಮಗು ಮುಂದೆ ಕಾರ್ವೆಯನ್ನೂ (ಸ್ವರವನ್ನು ಎಳೆದು ಹಿಡಿಯುವ ಹೊತ್ತನ್ನೂ) ನುಂಗುತ್ತದೆ.

ಊರಿನ ಹೆಸರು ಹಿಡಿದು ಉದ್ದ ಗಿಡ್ಡ

ಕನ್ನಡದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಶಾಲೆಯ ಛಂದಸ್ಸಿನ ಪಾಠದಲ್ಲಿ ಬರುವ ಈ ಲೆಕ್ಕ ಪಾಠಕ್ಕೆ ಮೊದಲೇ ಮಗುವಿನ ನಾಲಿಗೆಯಲ್ಲಿದೆ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಊರುಗಳನ್ನೇ ತೆಗೆದುಕೊಳ್ಳಿ. ಚೌಕುಳಿ ಪುಸ್ತಕದಲ್ಲಿ ಒಂದು ಚೌಕಕ್ಕೆ ಒಂದು ಮಾತ್ರೆ. ದೀರ್ಘ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ ಬಂದರೆ ಅದನ್ನು ಬರೆದು ಮುಂದಿನ ಚೌಕದಲ್ಲಿ ಅಲ್ಪವಿರಾಮ ಹಾಕಿಸಿ.

ಹಾ , ಸ ನ
ಕ ಡೂ , ರು
ಜ ಯ ಪು ರ

ಮೂರಕ್ಕೂ ನಾಲ್ಕೇ ಚೌಕ. ಒಂದೇ ಲಘುವಿನ ಮೇಲೆ ಮೂರನ್ನೂ ಒಂದಾದ ಮೇಲೊಂದು ಹೇಳಿಸಿ. ಕೈ ಬದಲಾಗುವುದಿಲ್ಲ, ಮಾತಿನ ಹಂಚಿಕೆ ಮಾತ್ರ ಬದಲಾಗುತ್ತದೆ. ಸ್ವರದ ಅಳತೆ ಎಂದರೆ ಇಷ್ಟೇ. ಇದು ಮನದಟ್ಟಾಗುವವರೆಗೆ ಎರಡು ಪಾಠ ಹಿಡಿದರೂ ಹಿಡಿಯಲಿ. ‘ಕಡೂರು’ ಕಷ್ಟವೆನಿಸುತ್ತದೆ, ಏಕೆಂದರೆ ಉದ್ದ ಅಕ್ಷರ ಪೆಟ್ಟಿನ ಮೇಲಲ್ಲ, ಕಿರುಬೆರಳಿನ ಮೇಲೆ ಶುರುವಾಗುತ್ತದೆ.

ಕಳಸ, ಕೊಪ್ಪ ಎರಡೂ ಮೂರು ಮಾತ್ರೆ. ಬೇಲೂರು ಐದು, ತರೀಕೆರೆಯೂ ಐದು. ಏಳಕ್ಕೆ ಹಾಸನ ಜಿಲ್ಲೆಯಲ್ಲೇ ಒಳ್ಳೆಯ ಜೋಡಿಯಿದೆ:

ಶ್ರ ವ ಣ | ಬೆ ಳ | ಗೊ ಳ ||
ರು , ದ್ರ | ಪ , | ಟ್ಟ ಣ ||

ಇದು ಅಲಂಕಾರದಲ್ಲಿ ಬರುವ ತ್ರಿಪುಟ ತಾಳದ ಅಂಗವೇ: ಮೂರರ ಲಘು, ಎರಡು ದ್ರುತ. ಭಾಮಿನಿ ಷಟ್ಪದಿ ಓದಿದ ಮಕ್ಕಳಿಗೆ ಮೂರು, ನಾಲ್ಕರ ಈ ನಡೆ ಹೊಸದೂ ಅಲ್ಲ. ಗಾಯಕ ಆರ್.ಕೆ. ಶ್ರೀಕಂಠನ್ ಅವರ ಮನೆತನದ ಊರು ಅರಕಲಗೂಡು ತಾಲ್ಲೂಕಿನ ಈ ರುದ್ರಪಟ್ಟಣ ಎಂದು ಹೇಳುತ್ತಲೇ ತಾಳ ಹಾಕಿಸಿ, ಮಕ್ಕಳಿಗೆ ಹೆಸರು ಮರೆಯುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ‘ಹಾಸನ’ದಲ್ಲಿ ಎರಡನೇ ಮಾತ್ರೆ ದನಿಯಿಂದ ತುಂಬಿರುತ್ತದೆ. ‘ಕೊಪ್ಪ’ದಲ್ಲಿ ತುಟಿ ಮುಚ್ಚಿರುವುದರಿಂದ ಆ ಹೊತ್ತು ಬಹುಪಾಲು ಮೌನ. ಎರಡೂ ಎರಡೆರಡು ಮಾತ್ರೆಯೇ, ಆದರೆ ಒಂದು ಕಾರ್ವೆ, ಇನ್ನೊಂದು ವಿರಾಮ. ದನಿ ಎಳೆಯುವುದನ್ನು ಕಲಿಸಲು ದೀರ್ಘವಿರುವ ಹೆಸರನ್ನೂ, ಮೌನ ಎಣಿಸುವುದನ್ನು ಕಲಿಸಲು ಒತ್ತಕ್ಷರದ ಹೆಸರನ್ನೂ ಬಳಸಿ. ಕರ್ನಾಟಕ ಸಂಗೀತದ ಲಿಪಿಯಲ್ಲಿ ಅಲ್ಪವಿರಾಮ ಸಾಮಾನ್ಯವಾಗಿ ಹಿಂದಿನ ಸ್ವರದ ಮುಂದುವರಿಕೆ, ಬಾಯಿ ಮುಚ್ಚುವ ಸೂಚನೆ ಅಲ್ಲ. ಕೀಬೋರ್ಡ್ ನುಡಿಸುವ ಮಕ್ಕಳು ಅದನ್ನು ಕಂಡಲ್ಲೆಲ್ಲ ಬೆರಳೆತ್ತುತ್ತಾರೆ, ಆಗಲೇ ತಿದ್ದಿ.

ಕೊನೆಗೆ ಚಿಕ್ಕಮಗಳೂರು. ಇದಕ್ಕೆ ಸರಿಯಾಗಿ ಎಂಟು ಮಾತ್ರೆ, ಒಂದು ಆದಿತಾಳದ ಆವರ್ತ:

ಚಿ , ಕ್ಕ ಮ | ಗ ಳೂ | , ರು ||

‘ಳೂ’ ಮೊದಲ ದ್ರುತದ ಹುಸಿಯಲ್ಲಿ ಹುಟ್ಟಿ ಎರಡನೇ ದ್ರುತದ ಪೆಟ್ಟಿನ ಮೇಲೂ ಮುಂದುವರಿಯುತ್ತದೆ. ಕೈ ಬಿದ್ದೊಡನೆ ಮಕ್ಕಳು ‘ಳೂ–ಊ’ ಎಂದು ಇನ್ನೊಮ್ಮೆ ಒತ್ತುತ್ತಾರೆ. ಕೈಗೆ ಪೆಟ್ಟಿದೆ, ದನಿಗೆ ಇಲ್ಲ. ಬಿಡಿಸಲು, ಒಬ್ಬರು ತಾಳ ಹಾಕಲಿ, ಇನ್ನೊಬ್ಬರು ಕೈಕಟ್ಟಿ ಹೇಳಲಿ. ದನಿ ನಯವಾದ ಮೇಲೆ ಅದಲು ಬದಲು ಮಾಡಿ, ಆಮೇಲೆ ಒಬ್ಬರೇ ಎರಡನ್ನೂ ಮಾಡಲಿ.

ಸ್ವರಲಿಪಿಗೆ ದಾಟುವಾಗ

ಈಗ ಸ್ವರಾಕ್ಷರ ಕೊಡಬಹುದು, ಆದರೆ ಇನ್ನೂ ರಾಗವಿಲ್ಲದೆ, ಮಾತಿನಂತೆ. ‘ಸ’ ಒಂದು ಅಕ್ಷರಕಾಲ, ‘ಸಾ’ ಎರಡು, ‘ಸಾ ,’ ಮೂರು, ‘ಸಾ ;’ ನಾಲ್ಕು. ಒಂಟಿ ಗೆರೆ ಅಂಗದ ಕೊನೆ, ಜೋಡಿ ಗೆರೆ ಆವರ್ತದ ಕೊನೆ. ಛಂದಸ್ಸಿನ ಲಘು ಯಾವಾಗಲೂ ಒಂದು ಮಾತ್ರೆ, ತಾಳದ ಲಘು ಜಾತಿಗೆ ತಕ್ಕಂತೆ 3, 4, 5, 7 ಅಥವಾ 9 ಅಕ್ಷರ. ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಎರಡೂ ಕಲಸಿಹೋಗುತ್ತವೆ.

ಅಳತೆ ಓದುವುದಕ್ಕೆ ಸರಳೆ ವರಸೆಗಿಂತ ಅಲಂಕಾರ ಒಳ್ಳೆಯದು, ಏಕೆಂದರೆ ಮೊದಲ ಸರಳೆಯಲ್ಲಿ ಎಲ್ಲ ಸ್ವರವೂ ಒಂದೇ ಉದ್ದ. ಝಂಪೆ ತಾಳ ನೋಡಿ:

ಸ ರಿ ಗ ಸ ರಿ ಸ ರಿ | ಗ | ಮ , ||

ಏಳರ ಲಘುವಿಗೆ ಪೆಟ್ಟಿನ ನಂತರ ಕಿರುಬೆರಳಿಂದ ಹೆಬ್ಬೆರಳವರೆಗೆ ಐದು, ಮತ್ತೆ ಕಿರುಬೆರಳು. ಅನುದ್ರುತಕ್ಕೆ ಬರಿ ಒಂದು ಪೆಟ್ಟು. ಕೊನೆಯ ಅಲ್ಪವಿರಾಮವನ್ನು ಬಿಟ್ಟರೆ ಆವರ್ತ ಒಂಬತ್ತಕ್ಕೆ ಇಳಿಯುತ್ತದೆ. ಮುಂದಿನ ಸಾಲು ಹುಸಿಯ ಮೇಲೆ ಶುರುವಾದರೆ ನುಂಗಿದ್ದು ಇದನ್ನೇ ಎಂದು ತಿಳಿಯಿರಿ. ಅಟತಾಳ ಇನ್ನೂ ಒಳ್ಳೆಯ ಪರೀಕ್ಷೆ:

ಸ ರಿ , ಗ , | ಸ , ರಿ ಗ , | ಮ , | ಮ , ||

ಇದನ್ನೇ ದೀರ್ಘ ಹಾಕಿ ಬರೆಯಲು ಹೇಳಿ: ಸ ರೀ ಗಾ | ಸಾ ರಿ ಗಾ | ಮಾ | ಮಾ ||. ತಾವೇ ಬರೆದವರು ಅಚ್ಚಿನಲ್ಲಿ ರಿ, ರೀ ನಡುವಿನ ಸಣ್ಣ ಗುರುತನ್ನು ಕಣ್ತಪ್ಪಿಸುವುದಿಲ್ಲ.

ಸ್ವರದ ತಲೆಯ ಮೇಲೆ ಒಂದು ಗೆರೆ ಇದ್ದರೆ ಬೆಲೆ ಅರ್ಧ, ಎರಡು ಗೆರೆ ಇದ್ದರೆ ಕಾಲು. ಗೆರೆಯ ಕೆಳಗಿನ ಅಲ್ಪವಿರಾಮಕ್ಕೂ ಅದೇ ಲೆಕ್ಕ. ಪಾಠವನ್ನು ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ಈ ಗೆರೆಗಳು ಹೋಗಿಬಿಡುತ್ತವೆ, ಕೈಬರಹದ ಮಾಸಲು ಫೋಟೋದಲ್ಲೂ ಕಾಣುವುದಿಲ್ಲ. ಬರೆದ ಹಾಳೆಯನ್ನೇ ಬೆಳಕಿನಲ್ಲಿ ನೇರವಾಗಿ ಫೋಟೋ ತೆಗೆದು ಕಳಿಸಿ.

ಮೂರು ಕಾಲ (ಒಂದಕ್ಕಿಂತ ಒಂದು ಇಮ್ಮಡಿ ವೇಗ) ಕಲಿಸುವಾಗ ವೇಗವನ್ನು ಕೊನೆಯಿಂದ ಲೆಕ್ಕ ಹಾಕಿ. 60ರಲ್ಲಿ ಮೂರನೇ ಕಾಲಕ್ಕೆ ಸೆಕೆಂಡಿಗೆ ನಾಲ್ಕು ಸ್ವರ ಬರುತ್ತದೆ, ಎಳೆಯ ನಾಲಿಗೆಗೆ ಅದು ಹೆಚ್ಚು. 45ಕ್ಕೆ ಇಳಿಸಿದರೆ ಮೂರು. ಮೊದಲ ಸರಳೆಯ ಆರೋಹಣ, ಅವರೋಹಣ ಸೇರಿ 16 ಸ್ವರ: ಒಂದನೇ ಕಾಲದಲ್ಲಿ ಎರಡು ಆವರ್ತ, ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ಅರ್ಧ, ಹಾಗಾಗಿ ಮೂರನೇ ಕಾಲದಲ್ಲಿ ಎರಡು ಸಲ ಹಾಡಿದರೆ ಆವರ್ತ ತುಂಬುತ್ತದೆ. ಕಾಲ ಏರಿಸುವಾಗ ಕೈಯೂ ಓಡಿದರೆ ಅದು ಕಾಲವಲ್ಲ, ಬರಿ ಅವಸರ.

ಕೀಬೋರ್ಡ್, ಗಿಟಾರ್ ಕಲಿಯುವವರಿಗೆ

ಅಕ್ಷರಕಾಲವೊಂದಕ್ಕೆ ಕ್ವಾರ್ಟರ್ ನೋಟ್ ಎಂದು ಇಟ್ಟುಕೊಳ್ಳಿ; ಲಂಡನ್ನಿನ ಪರೀಕ್ಷೆಗಳ ಪುಸ್ತಕದಲ್ಲಿ ಇದಕ್ಕೆ ಕ್ರಾಚೆಟ್ ಎನ್ನುತ್ತಾರೆ. ತುಂಬಿದ ತಲೆ, ಒಂದು ಕಡ್ಡಿ. ತಲೆ ಟೊಳ್ಳಾಗಿ ಕಡ್ಡಿಯಿದ್ದರೆ ಹಾಫ್ ನೋಟ್, ಎರಡು. ಕಡ್ಡಿಯೂ ಇಲ್ಲದಿದ್ದರೆ ಹೋಲ್ ನೋಟ್, ನಾಲ್ಕು. ತುಂಬಿದ ತಲೆಯ ನೋಟುಗಳ ಕಡ್ಡಿಗಳನ್ನು ಒಂದು ಅಡ್ಡಪಟ್ಟಿ ಜೋಡಿಸಿದ್ದರೆ ತಲಾ ಅರ್ಧ, ಎರಡು ಪಟ್ಟಿಯಿದ್ದರೆ ತಲಾ ಕಾಲು. ನಮ್ಮ ಲಿಪಿಯ ತಲೆಗೆರೆಯ ಲೆಕ್ಕವೇ ಇಲ್ಲಿಯೂ ಹೊಂದುತ್ತದೆ, ಮಕ್ಕಳು ಬೇಗ ಹಿಡಿಯುತ್ತಾರೆ.

‘ಹಾಸನ’ ಹಾಫ್, ಕ್ವಾರ್ಟರ್, ಕ್ವಾರ್ಟರ್. ‘ಕಡೂರು’ ಕ್ವಾರ್ಟರ್, ಹಾಫ್, ಕ್ವಾರ್ಟರ್. ‘ಕೊಪ್ಪ’ಕ್ಕೆ 3/4ರಲ್ಲಿ, ಅಂದರೆ ಮೂರೆಣಿಕೆಯಲ್ಲಿ, ಕ್ವಾರ್ಟರ್, ಕ್ವಾರ್ಟರ್ ರೆಸ್ಟ್ (ಮೌನ), ಕ್ವಾರ್ಟರ್. ಚಿಕ್ಕಮಗಳೂರು 4/4ರ ಎರಡು ಬಾರ್ (ನಾಲ್ಕೆಣಿಕೆಯ ಕಟ್ಟು). ಬಾರ್ ಗೆರೆ ನಾಲ್ಕರ ಮೇಲೆ ಮಾತ್ರ ಬೀಳುವುದರಿಂದ ‘ಳೂ’ ಒಂದೇ ಹಾಫ್ ನೋಟಾಗಿ ಉಳಿಯುತ್ತದೆ. ‘ಹಾಸನ’ವನ್ನು ನಾಲ್ಕನೇ ಎಣಿಕೆಗೆ ಎತ್ತಿಕೊಂಡರೆ ‘ಹಾ’ ಗೆರೆ ದಾಟುತ್ತದೆ. ಆಗ ಎರಡು ಕ್ವಾರ್ಟರ್ ಬರೆದು ಕಮಾನಿನಿಂದ ಕಟ್ಟಬೇಕು. ಎರಡನೆಯದಕ್ಕೆ ಮತ್ತೆ ಕೀ ಒತ್ತಬಾರದು.

ಚುಕ್ಕಿಯ ತಪ್ಪಿಗೆ ಕಾರಣ ಕಲಿಸುವ ಕ್ರಮವೇ. ಮೊದಲು ಚುಕ್ಕಿಯ ಹಾಫ್ ನೋಟ್ ತೋರಿಸುತ್ತೇವೆ, ಅದು ಮೂರು. ‘ಚುಕ್ಕಿ ಎಂದರೆ ಒಂದು ಹೆಚ್ಚು’ ಎಂದು ಮಗು ತೀರ್ಮಾನಿಸುತ್ತದೆ, ಚುಕ್ಕಿಯ ಕ್ವಾರ್ಟರ್ ಬಂದಾಗ ಎರಡು ಎಣಿಸುತ್ತದೆ. ಚುಕ್ಕಿ ಕೂಡಿಸುವುದು ಆ ನೋಟಿನ ಅರ್ಧವನ್ನು. ಆದ್ದರಿಂದ ಅದು ಒಂದೂವರೆ. ಎರಡನ್ನೂ ಒಂದೇ ದಿನ ಪಕ್ಕಪಕ್ಕದಲ್ಲಿ ಚೌಕ ಹಾಕಿ ತೋರಿಸಿ, ಅರ್ಧ ಅಕ್ಷರಕ್ಕೆ ಒಂದು ಚೌಕ: ಮೊದಲನೆಯದಕ್ಕೆ ಆರು, ಎರಡನೆಯದಕ್ಕೆ ಮೂರು.

ಕಲಿತಿದ್ದಾರೆಯೇ ಎಂದು ನೋಡಲು ಹಾಡಿದ ಪಾಠವನ್ನು ಕೇಳಬೇಡಿ, ಅದು ಬಾಯಿಪಾಠವಾಗಿರುತ್ತದೆ. ಆದಿತಾಳದ ಎರಡು ಆವರ್ತದ ಹೊಸ ಸಾಲನ್ನು ಆಗಲೇ ಬರೆದುಕೊಡಿ. ಒಂದು ದೀರ್ಘ, ಎರಡು ಅಲ್ಪವಿರಾಮ, ಅಂಗ ದಾಟುವ ಒಂದು ಸ್ವರ ಇರಲಿ. ಮೊದಲು ತಾಳದೊಂದಿಗೆ ಮಾತಿನಲ್ಲಿ, ನಂತರ ಬರಿ ‘ತ’ಕಾರದಲ್ಲಿ, ಆಮೇಲೆ ಮಾಯಾಮಾಳವಗೌಳ ರಾಗದಲ್ಲಿ ಓದಿಸಿ. ಎಡವಿದರೆ ಸಾಲಿನ ಮೊದಲಿಗೆ ಕಳಿಸಬೇಡಿ. ತಾಳ ನಡೆಯುತ್ತಿರಲಿ, ಮುಂದಿನ ಪೆಟ್ಟಿಗೆ ಬಂದು ಕೂಡಿಕೊಳ್ಳಲಿ.