ಜತೆಗಾರನನ್ನು ಎಲ್ಲಿ ಕೂರಿಸಬೇಕು: 14 ಅಡಿ ಮೀನುದೋಣಿಯಲ್ಲಿ ನನ್ನ ಅನುಭವ

ಎಂಜಿನ್ ಕೂರುವ ಹಿಂಹಲಗೆಯಿಂದ ಟೇಪು ಹಿಡಿದರೆ 235 ಸೆಂಟಿಮೀಟರ್. ನನ್ನ ದೋಣಿಯಲ್ಲಿ ಜತೆಗಾರ ಕೂರುವ ಜಾಗ ಅದು. ಅಲ್ಲಿ ಬೋಲ್ಟ್ ಹೊಡೆದ ಸೀಟಿಲ್ಲ, ಹಿಂದೆ ಮುಂದೆ ಸರಿಯುವ ಪೆಟ್ಟಿಗೆ ಇದೆ. ಸರಿಯುವ ಸೀಟು ಅಂದ ಕೂಡಲೇ "ಅಲೆ ಬಂದರೆ ಪೆಟ್ಟಿಗೆ ಸಮೇತ ಮನುಷ್ಯ ನೀರಿಗೆ" ಎಂದು ನಕ್ಕವರೇ ಹೆಚ್ಚು. ಎರಡು ಸೀಸನ್ ಕಳೆದಿದೆ. ಪೆಟ್ಟಿಗೆ ಇನ್ನೂ ಅಲ್ಲೇ ಇದೆ, ಅದರ ಮೇಲೆ ಕೂತವರು ಒಣ ಬಟ್ಟೆಯಲ್ಲೇ ದಡ ಸೇರುತ್ತಿದ್ದಾರೆ. ನಕ್ಕವರಲ್ಲಿ ಇಬ್ಬರು ಅಳತೆ ಬರೆದುಕೊಂಡು ಹೋದರು.

ದೋಣಿ ಅಲ್ಯೂಮಿನಿಯಂನದು. ಉದ್ದ 425 ಸೆಂ.ಮೀ., ಅಗಲ ಒಂದೂವರೆ ಮೀಟರಿನ ಆಸುಪಾಸು, 15 ಎಚ್‌ಪಿ ಫೋರ್‌ಸ್ಟ್ರೋಕ್, ದಿಕ್ಕು ತಿರುಗಿಸಲು ಎಂಜಿನ್ನಿಗೇ ಇರುವ ಟಿಲ್ಲರ್ ಹಿಡಿ. ಎಂಜಿನ್ 50 ಕೆ.ಜಿ., ನಾನು 75, ತುಂಬಿದ ಪೆಟ್ರೋಲ್ ಟ್ಯಾಂಕ್ 20. ಇಷ್ಟೂ ಹಿಂದಿನ ಒಂದು ಮೀಟರಿನೊಳಗೇ. ಅದರ ಪಕ್ಕದಲ್ಲೇ ಜತೆಗಾರನೂ ಕೂತರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ: ಮೂತಿ ಆಕಾಶಕ್ಕೆ, ಎದುರಿಗೆ ಏನೂ ಕಾಣದು, ಪ್ಲೇನ್‌ಗೆ, ಅಂದರೆ ದೋಣಿ ಎದ್ದು ನೀರಿನ ಮೇಲೆ ಜಾರುವ ಹಂತಕ್ಕೆ, ಬರಲು ಹತ್ತು ಸೆಕೆಂಡು, ಬಂದ ಮೇಲೆ ಮೂತಿಯ ಏಳು-ಬೀಳು ಶುರು.

ಇದಕ್ಕೆ ಎಲ್ಲರೂ ಕೊಡುವ ಔಷಧ ಒಂದೇ, ಜತೆಗಾರನನ್ನು ಮೂತಿಯಲ್ಲಿ ಕೂರಿಸು. ಅದನ್ನೇ ಮೊದಲು ಮಾಡಿದ್ದು. ನೀರು ಕನ್ನಡಿಯಂತಿದ್ದ ದಿನ ಚೆನ್ನಾಗಿಯೇ ಇತ್ತು. ಮೊಣಕಾಲುದ್ದದ ಅಲೆ ಎದ್ದ ದಿನ ಗುಟ್ಟು ರಟ್ಟಾಯಿತು. ದೋಣಿ ಕುಕ್ಕುವಾಗ ಅತಿ ಹೆಚ್ಚು ಏಳುವುದೂ ಬೀಳುವುದೂ ಮೂತಿಯೇ. ಹಿಂದೆ ಕೂತವನಿಗೆ ಸಣ್ಣ ಕುಲುಕಾಟ ಅನ್ನಿಸಿದ್ದು ಮುಂದೆ ಕೂತವನ ಬೆನ್ನುಮೂಳೆಗೆ ಗುದ್ದು. ವೇಗದಲ್ಲಿ ಹೀಗೆ ಕುಕ್ಕಿಸಿಕೊಂಡು ಮೂಳೆ ಮುರಿದುಕೊಂಡವರಿದ್ದಾರೆ. ಇನ್ನೊಂದು, ಮೂತಿಯಿಂದ ಜಾರಿದವನ ಮೇಲೆ ಮೊದಲು ಹಾಯುವುದು ತಳ, ಆಮೇಲೆ ಪ್ರೊಪೆಲ್ಲರ್. ಬೆನ್ನ ಹಿಂದಿನಿಂದ ಅಲೆ ಬರುತ್ತಿದ್ದರಂತೂ ಭಾರವಾದ ಮೂತಿ ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಳ್ಳುತ್ತದೆ, ಹಿಂಭಾಗ ಪಕ್ಕಕ್ಕೆ ತಿರುಗಿ ದೋಣಿ ಅಡ್ಡಬೀಳುತ್ತದೆ. ಓಡುವ ದೋಣಿಯ ಮೂತಿಯಲ್ಲಿ ಈಗ ಯಾರನ್ನೂ ಕೂರಿಸುವುದಿಲ್ಲ, ಎಷ್ಟೇ ಆಸೆಪಟ್ಟು ಕೇಳಿದರೂ.

ಎರಡನೆಯದು ತಿರುಗುವ ಕುರ್ಚಿ. ಕಂಬದ ಮೇಲೆ ಕೂರುವ ಆ ಸೀಟಿಗೆ, ಅದರ ತಟ್ಟೆ-ಬೋಲ್ಟಿಗೆ, ಕೊನೆಗೆ ಅದು ಕಿತ್ತುಕೊಂಡು ಬಂದಾಗ ನೆಲದ ತೂತು ಮುಚ್ಚುವುದಕ್ಕೆ ಸೇರಿ ಒಂದು ಸೀಸನ್ನಿನ ಅರ್ಧ ಪೆಟ್ರೋಲಿನ ದುಡ್ಡು ಹೋಯಿತು. ಕೂರುವ ಎತ್ತರ 45 ಸೆಂ.ಮೀ. ಮನುಷ್ಯ ಒಂಚೂರು ವಾಲಿದರೆ ಸಾಕು, ದೋಣಿಯೂ ಅವನ ಜತೆ ವಾಲುತ್ತಿತ್ತು. ಪ್ಲೈವುಡ್ ನೆಲಕ್ಕೆ ನಾಲ್ಕು ಬೋಲ್ಟ್, ಮೇಲೆ 65 ಕೆ.ಜಿ.ಯ ಸನ್ನೆಗೋಲು. ಕಿತ್ತು ಬಾರದೆ ಇನ್ನೇನಾದೀತು?

ಮೂರನೆಯದು ಎಂಜಿನ್ನಿನ ಪ್ರೊಪೆಲ್ಲರ್ ಮೇಲಿನ ತಟ್ಟೆಗೆ ಸಿಕ್ಕಿಸುವ ರೆಕ್ಕೆ. ಏಳು-ಬೀಳು ಅರ್ಧ ಕಡಿಮೆಯಾಯಿತು ನಿಜ, ಆದರೆ ಭಾರ ತಪ್ಪು ಜಾಗದಲ್ಲಿದ್ದಾಗ ರೆಕ್ಕೆ ಕಟ್ಟಿದರೆ ರೋಗ ಹಾಗೇ ಇದ್ದು ಕೆಮ್ಮು ಮಾತ್ರ ನಿಂತಂತೆ. ತಟ್ಟೆಗೆ ತೂತು ಬಿದ್ದದ್ದಷ್ಟೇ ಉಳಿಯಿತು.

ಕಡೆಗೆ ಪೆನ್ನು ಹಿಡಿದೆ. ತೂಕವನ್ನು ಹಿಂಹಲಗೆಯಿಂದ ಇರುವ ದೂರದಿಂದ ಗುಣಿಸುವ ಹಳೇ ಲೆಕ್ಕ. 65 ಕೆ.ಜಿ.ಯ ಜತೆಗಾರನನ್ನು 40 ಸೆಂ.ಮೀ. ಮುಂದೆ ತಳ್ಳಿದರೆ 2600. ಇಪ್ಪತ್ತು ಕೆ.ಜಿ.ಯ ಟ್ಯಾಂಕನ್ನು 50ರ ಗುರುತಿನಿಂದ 340ಕ್ಕೆ ಒಯ್ದರೆ 5800. ಎರಡು ಪಟ್ಟಿಗಿಂತ ಹೆಚ್ಚು! ಇಷ್ಟು ದಿನ ಮನುಷ್ಯನನ್ನು ಮುಂದಕ್ಕೆ ನೂಕಿ ಒದ್ದೆ ಮಾಡುತ್ತಿದ್ದೆ, ನೂಕಬೇಕಾದದ್ದು ಸಾಮಾನನ್ನು. ಸಾಮಾನಿಗೆ ಬೆನ್ನುನೋವಿಲ್ಲ.

ಹಾಗೆಂದು ಪೆಟ್ರೋಲ್ ಟ್ಯಾಂಕನ್ನೇ ಮುಂದಿಟ್ಟದ್ದು ಇನ್ನೊಂದು ತಪ್ಪು. ಪೈಪು ಉದ್ದವಾಯಿತು, ಜೋಡಿಸಿದ ಕಡೆ ಗಾಳಿ ಎಳೆಯಿತು, ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ತಡವರಿಸತೊಡಗಿತು, ಪೈಪಿನ ನಡುವೆ ಪೆಟ್ರೋಲ್ ಒತ್ತಲು ಇರುವ ರಬ್ಬರ್ ಬಲ್ಬು ಹಿಸುಕಿದಷ್ಟು ಹೊತ್ತು ಸರಿ. ಸಾಲದ್ದಕ್ಕೆ ಪೆಟ್ರೋಲ್ ಖರ್ಚಾದಂತೆ ಭಾರವೂ ಇಳಿಯುತ್ತದೆ, ಲೀಟರಿಗೆ ಮುಕ್ಕಾಲು ಕೆ.ಜಿ.ಯಂತೆ. ಮುಂದಿನ ಮುಚ್ಚು ಅರೆಯಲ್ಲಿ ಪೆಟ್ರೋಲ್ ಹಬೆ ಕಟ್ಟಿಕೊಳ್ಳುವ ಅಪಾಯ ಬೇರೆ. ಟ್ಯಾಂಕ್ ವಾಪಸು ಹಿಂದಕ್ಕೆ ಹೋಯಿತು. ಅದರ ಬದಲಿಗೆ ಮುಂಸೀಟಿನ ಕೆಳಗೆ, 340ರ ಗುರುತಿನಲ್ಲಿ, 20 ಲೀಟರಿನ ನೀರಿನ ಕ್ಯಾನ್. ಕಂಠದವರೆಗೆ ತುಂಬಿರಬೇಕು, ಅರ್ಧ ತುಂಬಿದ್ದು ಕುಲುಕುತ್ತದೆ. ಎರಡು ಕಡೆ ಬೆಲ್ಟ್ ಹಾಕಿ ಬಿಗಿದಿದ್ದೇನೆ. ಲಂಗರು, ಅದರ ಸರಪಳಿ, ಹಗ್ಗ ಕೂಡ ಅಲ್ಲೇ. ಒಬ್ಬನೇ ಹೋಗುವ ದಿನ ಎರಡು ಕ್ಯಾನ್.

ಈ ಕ್ಯಾನ್ ಕೂತ ಮೇಲೆ ಜತೆಗಾರನನ್ನು ಎಲ್ಲಿ ಬೇಕೋ ಅಲ್ಲಿ ಕೂರಿಸುವ ಸ್ವಾತಂತ್ರ್ಯ ಸಿಕ್ಕಿತು. ನಡುವಿನ ಅಡ್ಡಹಲಗೆ 175ರಿಂದ 205ರವರೆಗೆ ಇದೆ. ಅದನ್ನು ಕತ್ತರಿಸಿ ಜಾಗ ಮಾಡಿ ಎಂದು ಸಲಹೆ ಕೊಟ್ಟವರಿದ್ದರು. ದಯವಿಟ್ಟು ಬೇಡ. ಎರಡು ಪಕ್ಕೆಗಳನ್ನು ಹಿಡಿದಿಟ್ಟಿರುವುದೇ ಆ ಹಲಗೆ. ಇಂಥ ಬಹಳಷ್ಟು ದೋಣಿಗಳಲ್ಲಿ ಮುಳುಗದಂತೆ ತಡೆಯುವ ಫೋಮ್ ಇರುವುದೂ ಅದರೊಳಗೇ. ಹಲಗೆಯ ಮುಂದಕ್ಕೆ, 210ರಿಂದ 290ರವರೆಗೆ, ನೆಲದ ಮೇಲೆ ಎರಡು 40 ಎಂ.ಎಂ. ಅಲ್ಯೂಮಿನಿಯಂ ಆಂಗಲ್ ಹಾಕಿದೆ. ತೂತು ಕೊರೆದದ್ದು ನೆಲದ ಕೆಳಗಿನ ಪಕ್ಕೆಲುಬಿಗೆ ಮಾತ್ರ, ತಳದ ತಗಡಿಗಲ್ಲ. ಪೆಟ್ಟಿಗೆ 12 ಎಂ.ಎಂ. ಮೆರೈನ್ ಪ್ಲೈ, 60 ಸೆಂ.ಮೀ. ಅಗಲ, 35 ಆಳ, 28 ಎತ್ತರ. ಆಂಗಲ್‌ನಲ್ಲಿ 10 ಸೆಂ.ಮೀ.ಗೊಂದು ತೂತು, ಎರಡು ಬದಿಗೂ 10 ಎಂ.ಎಂ. ಪಿನ್. ಒಟ್ಟು ಖರ್ಚು ಎರಡು ಟ್ಯಾಂಕ್ ಪೆಟ್ರೋಲಿಗಿಂತ ತುಸು ಜಾಸ್ತಿ. ತಿರುಗುವ ಕುರ್ಚಿಯ ಬಿಲ್ಲು ಈಗಲೂ ಕಣ್ಣಿಗೆ ಚುಚ್ಚುತ್ತದೆ.

ಪಿನ್ನಿನ ವಿಷಯದಲ್ಲೂ ಪೆಟ್ಟು ತಿಂದಿದ್ದಾಯಿತು. ಸ್ಟೇನ್‌ಲೆಸ್ ಪಿನ್ ನೇರವಾಗಿ ಅಲ್ಯೂಮಿನಿಯಂ ತೂತಿಗೆ ಹಾಕಿದರೆ ಉಪ್ಪುನೀರಿನಲ್ಲಿ ಎರಡೇ ತಿಂಗಳಿಗೆ ಬಿಳಿ ಪುಡಿ ಬಂದು ಕಚ್ಚಿಕೊಳ್ಳುತ್ತದೆ. ಸುತ್ತಿಗೆಯಲ್ಲಿ ಹೊಡೆದು ತೆಗೆಯಬೇಕಾಯಿತು, ತೂತು ಅಗಲವಾಯಿತು. ಈಗ ತೂತಿಗೆ ನೈಲಾನ್ ಬುಷ್, ಅದರೊಳಗೆ ಪಿನ್. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯುವುದು. ಪಿನ್ ಕಟಕಟ ಸದ್ದು ಮಾಡಿ ಮೀನು ಓಡಿಸದಂತೆ ಪೆಟ್ಟಿಗೆಯಡಿ ಏನು ಅಂಟಿಸಿದ್ದೇನೆ ಎಂಬುದನ್ನು ಮಾತ್ರ ಕೇಳಬೇಡಿ, ಅದಕ್ಕೆ ನಾಲ್ಕಾರು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ.

ಇನ್ನು ಯಾವಾಗ ಎಲ್ಲಿ. ನೀರು ಸಮವಾಗಿದ್ದರೆ 235. ಎದುರಲೆಯಲ್ಲಿ ನಿಧಾನವಾಗಿ ಹೋಗುವಾಗ 255, ಮೂತಿ ತುಸು ತಗ್ಗಿ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಕುಕ್ಕುವುದು ಕಡಿಮೆ. ಅದಕ್ಕಿಂತ ಮುಂದೆ ಹೋದರೆ ಎರಚಲು ಪೂರ್ತಿ ಅವನ ಮುಖಕ್ಕೆ. ಹಿಂದಲೆಯಲ್ಲಿ ಪೆಟ್ಟಿಗೆ ಬಿಟ್ಟು ಅಡ್ಡಹಲಗೆಯ ಮೇಲೆಯೇ, ಅಂದರೆ 190ಕ್ಕೆ. ಮೂತಿ ಹಗುರಾಗಬೇಕು. ಜಾಗ ಬದಲಿಸುವಾಗ ಥ್ರಾಟಲ್ ಇಳಿಸಿಯೇ ಬದಲಿಸಬೇಕು, ಆದರೆ ಗಕ್ಕನೆ ಇಳಿಸಿದರೆ ನಮ್ಮದೇ ಎಂಜಿನ್ ಎಬ್ಬಿಸಿದ ಅಲೆ ಹಿಂಹಲಗೆ ಹತ್ತಿ ಒಳಗೆ ಬರುತ್ತದೆ. ಮೂರ್ನಾಲ್ಕು ಎಣಿಸುವಷ್ಟು ಹೊತ್ತಿನಲ್ಲಿ ಇಳಿಸಿ. ದೋಣಿ ಕೂತ ಮೇಲೆ ಅವನು ಎರಡೂ ಅಂಚು ಹಿಡಿದು, ಬಗ್ಗಿ, ನಟ್ಟನಡುವೆ ಹೆಜ್ಜೆಯಿಟ್ಟು ಸರಿಯಲಿ.

ಸರಿಯಾಗಿದೆಯೋ ಇಲ್ಲವೋ ತಿಳಿಯಲು ಮೀಟರ್ ಬೇಡ. ಓಡುವಾಗ ತಳದಿಂದ ಎರಚಲು ಎಲ್ಲಿ ಹೊರಗೆ ಚಿಮ್ಮುತ್ತಿದೆ ನೋಡಿ. ಜತೆಗಾರನ ಮೊಣಕಾಲಿನ ನೇರಕ್ಕೆ ಇದ್ದರೆ ಸರಿ. ಮೂತಿಯ ಹತ್ತಿರವೇ ಚಿಮ್ಮಿದರೆ ಭಾರ ಮುಂದೆ ಜಾಸ್ತಿ, ಟಿಲ್ಲರ್ ಹಿಡಿದವನ ಪಕ್ಕದಲ್ಲಿ ಚಿಮ್ಮಿದರೆ ಹಿಂದೆ ಜಾಸ್ತಿ. ನಿಂತಾಗ ಹಿಂದೆ-ಮುಂದೆ ಎಷ್ಟು ವಾಲಿದೆ ನೋಡಲು ಅರ್ಧ ನೀರು ತುಂಬಿದ ಪಾರದರ್ಶಕ ಬಾಟಲಿಯನ್ನು ಅಡ್ಡಹಲಗೆಯ ಮೇಲೆ ದೋಣಿಯ ಉದ್ದಕ್ಕೆ ಮಲಗಿಸಿ, ಖಾಲಿ ದೋಣಿಯಲ್ಲಿ ನೀರಿನ ಗೆರೆ ಇದ್ದ ಕಡೆ ಮಾರ್ಕರ್‌ನಲ್ಲಿ ಗೀಟು ಹಾಕಿ. ಜನ ಕೂತ ಮೇಲೆ ಗೆರೆ ಯಾವ ಕಡೆ ಜಾರಿತು ಎಂಬುದೇ ಉತ್ತರ.

ಅಡ್ಡ ವಾಲುವುದರ ಲೆಕ್ಕವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎಡಗೈಯಲ್ಲಿ ಟಿಲ್ಲರ್ ಹಿಡಿದು ನಾನು ನಡುಗೆರೆಯಿಂದ 25 ಸೆಂ.ಮೀ. ಬಲಕ್ಕೆ ಕೂರುತ್ತೇನೆ. 75 ಗುಣಿಸು 25, ಅಂದರೆ 1875. ಅದನ್ನು ಸರಿದೂಗಿಸಲು 65ರವನು 29 ಸೆಂ.ಮೀ. ಎಡಕ್ಕೆ ಕೂರಬೇಕು. ಲಂಗರು ಹಾಕಿ ನಿಂತಾಗ ಈ ಲೆಕ್ಕ ಸರಿ. ಓಡುವಾಗ ತಪ್ಪು, ಏಕೆಂದರೆ ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುವ ಪ್ರೊಪೆಲ್ಲರ್ ದೋಣಿಯನ್ನು ಎಡಕ್ಕೆ ಒತ್ತುತ್ತದೆ. ಆ ಒತ್ತು ನನ್ನ ತೂಕವನ್ನು ಸ್ವಲ್ಪ ತಿಂದುಹಾಕುವುದರಿಂದ 10-12 ಸೆಂ.ಮೀ. ಎಡಕ್ಕಿದ್ದರೆ ಸಾಕು. ಪೆಟ್ಟಿಗೆಯ ಮೇಲೆ ಎರಡು ಗೀಟು ಹಾಕಿದ್ದೇನೆ, ಓಡುವಾಗ ಒಂದು, ನಿಂತಾಗ ಒಂದು.

ಎಲ್ಲ ಸೇರಿ ಸಿಕ್ಕಿದ್ದು: ಪ್ಲೇನ್‌ಗೆ ಬರಲು ಐದು ಸೆಕೆಂಡು, ಗಂಟೆಗೆ 26 ಇದ್ದ ವೇಗ 30 ಕಿ.ಮೀ. ಹತ್ತಿರ, ಅದೇ ದೂರಕ್ಕೆ 11-12 ಲೀಟರ್ ಕುಡಿಯುತ್ತಿದ್ದ ಎಂಜಿನ್ ಈಗ ಹತ್ತರ ಆಸುಪಾಸು. ಬಾಯಿಲೆಕ್ಕ, ಆದರೆ ಪೆಟ್ಟಿಗೆಯ ದುಡ್ಡು ಮೊದಲ ಸೀಸನ್ನಿಗೇ ಹುಟ್ಟಿತು.

ಗಾಳ ಹಾಕುವಾಗಿನ ಮಾತು ಬೇರೆ. ಎಂಜಿನ್ ನಿಂತಿದೆ, ನೀರು ಶಾಂತವಾಗಿದೆ ಅಂದರೆ ಜತೆಗಾರ ಮುಂಸೀಟಿಗೆ ಹೋಗಬಹುದು, ಕೂತೇ ಇರಬೇಕು. ಇಬ್ಬರೂ ಬಲಗೈಯವರಾದರೆ ಮುಂದಿನವನು ಎಡಪಕ್ಕಕ್ಕೆ ಬೀಸಲಿ, ಹಿಂದಿನವನು ಬಲಪಕ್ಕಕ್ಕೆ. ಆಗ ಒಬ್ಬನ ಕೋಲು ಮೂತಿಯಾಚೆ ಹಾಯುತ್ತದೆ, ಇನ್ನೊಬ್ಬನದು ಎಂಜಿನ್ನಿನಾಚೆ. ಇದನ್ನು ಅದಲುಬದಲು ಮಾಡಿದರೆ ಕೊಕ್ಕೆ ಪ್ರತಿ ಸಲ ಮತ್ತೊಬ್ಬನ ಕಿವಿಯ ಪಕ್ಕದಲ್ಲೇ. ಒಬ್ಬ ಎಡಗೈಯವನಾದರೆ ಅವನ ಪಕ್ಕ ಅದಲುಬದಲಾಗುತ್ತದೆ, ಇಬ್ಬರೂ ಒಂದೇ ಕಡೆಗೆ ಬೀಸಬೇಕಾಗುತ್ತದೆ. ಹಾಗಾದಾಗ ಸರದಿ ಮೇಲೆ ಬೀಸಿ.

ಗಾಳಿಗೆ ತೇಲಿಕೊಂಡು ಹಿಡಿಯುವಾಗ ದಾರ ದೋಣಿಯಡಿ ಹೋಗದಿರಲೆಂದು ಇಬ್ಬರೂ ಗಾಳಿ ಬರುವ ಪಕ್ಕಕ್ಕೇ ಮುಖ ಮಾಡುತ್ತಾರೆ. ಮೀನು ಮೇಲೆ ಬಂದಾಗ ಇಬ್ಬರೂ ಅದೇ ಅಂಚಿಗೆ ಬಗ್ಗುತ್ತಾರೆ. ನನ್ನ ದೋಣಿಯಲ್ಲಿ ನೀರಿನಿಂದ ಎರಡು ಗೇಣು ಮೇಲಿರುವ ಅಂಚು ಆಗ ಒಂದು ಗೇಣಿಗೂ ಕಡಿಮೆಯಾಗುತ್ತದೆ. ತಳದಲ್ಲಿ ಎರಡು ಬಕೆಟ್ ನೀರಿದ್ದರೆ ಅದೂ ಅದೇ ಕಡೆಗೆ ಓಡುತ್ತದೆ. ಮೀನು ಸಿಕ್ಕಿದವನು ಕೂತಲ್ಲೇ ಕೂತಿರಲಿ, ಕೈಬಲೆ ಹಿಡಿದವನೊಬ್ಬನೇ ಅಂಚಿಗೆ ಬರಲಿ, ನೀರನ್ನು ಮೊದಲೇ ಎತ್ತಿ ಚೆಲ್ಲಿ.

ನಡುವೆ ಒಂದು ಪ್ರಯೋಗ ಮಾಡಿದೆ, ಜತೆಗಾರನನ್ನು ಹಿಂದಕ್ಕೆ ಮುಖ ಮಾಡಿ ಕೂರಿಸುವುದು. ಮಾತಾಡಲು ಚೆನ್ನ, ಎರಚಲು ಬೆನ್ನಿಗೆ ಬಡಿಯುತ್ತದೆ, ಎಳೆದುಕೊಂಡು ಹೋಗುವ ದಾರದ ಮೇಲೆ ಕಣ್ಣಿಡಬಹುದು. ಆದರೆ ಬರುವ ಅಲೆ ಅವನಿಗೆ ಕಾಣದು, ಕುಕ್ಕಿಗೆ ಮೈ ತಯಾರಿರದು, ವಾಂತಿ ಬೇಗ. ನಿಧಾನ ಎಳೆತಕ್ಕೆ ಸರಿ, ಓಟಕ್ಕೆ ಬೇಡ. ಹೊಟ್ಟೆ ತೊಳಸುವವರಿಗೆ ಅಡ್ಡಹಲಗೆಯೇ ಒಳ್ಳೆಯದು, ಕುಲುಕಾಟ ಅಲ್ಲಿ ಕಡಿಮೆ, ಹೊಗೆಯೂ ತಲುಪದು. ಪೆಟ್ಟಿಗೆಯನ್ನು 18 ಸೆಂ.ಮೀ.ಗೆ ತಗ್ಗಿಸಿಯೂ ನೋಡಿದೆ. ದೋಣಿ ಬಂಡೆಯಂತೆ ನಿಂತಿತು, ಕೂತವನ ಮೊಣಕಾಲು ಮಾತ್ರ ಗಲ್ಲಕ್ಕೆ ಬಂತು. ಮತ್ತೆ 28ಕ್ಕೇ ಬಂದೆ.

ಜತೆಗಾರ ಇಬ್ಬರಾದರೆ, ದೋಣಿಯ ತಟ್ಟೆಯಲ್ಲಿ ಬರೆದ ತೂಕದ ಮಿತಿ ನೋಡಿಕೊಂಡು, ಇಬ್ಬರನ್ನೂ ಅಡ್ಡಹಲಗೆಯ ಮೇಲೆ ಅಕ್ಕಪಕ್ಕ ಕೂರಿಸಿ ಪೆಟ್ಟಿಗೆ ಖಾಲಿ ಬಿಡುತ್ತೇನೆ. ಲೈಫ್ ಜಾಕೆಟ್ ಎಲ್ಲರಿಗೂ, ಎಂಜಿನ್ ನಿಲ್ಲಿಸುವ ದಾರ ನನ್ನ ಕಾಲಿಗೆ. ಯಾರಾದರೂ ಎಡಕ್ಕೆ ಬಿದ್ದರೆ ಮೂತಿಯನ್ನು ಎಡಕ್ಕೇ ತಿರುಗಿಸುವುದು, ಹಿಂಭಾಗ ಅವನಿಂದ ದೂರ ಸರಿಯುತ್ತದೆ. ಮೂರು ಜನ ಕೂತ ದಿನ ಮುಂದಿನ ಕ್ಯಾನ್ ಒಂದೇ ಸಾಕೋ, ಅದನ್ನೂ ತೆಗೆಯಬೇಕೋ ಎಂಬುದನ್ನು ಈ ಸೀಸನ್ನಿನಲ್ಲಿ ಬಾಟಲಿ ಇಟ್ಟು ನೋಡುತ್ತಿದ್ದೇನೆ. ಸದ್ಯಕ್ಕೆ ಅರ್ಧ ಕ್ಯಾನ್ ಸಾಕು ಅನ್ನಿಸಿದೆ. ಅರ್ಧ ತುಂಬಿದ್ದು ಕುಲುಕುತ್ತದಲ್ಲ, ಹಾಗಾಗಿ 10 ಲೀಟರಿನ ಸಣ್ಣ ಕ್ಯಾನ್ ಒಂದನ್ನು ತಂದಿಟ್ಟುಕೊಂಡಿದ್ದೇನೆ.