ಹಳೇ ಆಟೋಮ್ಯಾಟಿಕ್ ಕಾರಿಗೆ ಗುಜರಿ ಗೇರ್‌ಬಾಕ್ಸ್

ನನ್ನದು 16 ವರ್ಷದ ಸಣ್ಣ ಆಟೋಮ್ಯಾಟಿಕ್ ಕಾರು. ಹೆಬ್ಬಾಳ ಫ್ಲೈಓವರ್ ಹತ್ತುವಾಗ ಇಂಜಿನ್ ಕಿರುಚುತ್ತಿತ್ತು, ಕಾರು ಮಾತ್ರ ತೆವಳುತ್ತಿತ್ತು. ಡಿ ಗೆ ಹಾಕಿದರೆ ಸ್ವಲ್ಪ ಹೊತ್ತು ಸುಮ್ನೆ ಇದ್ದು, ಆಮೇಲೆ ಧಡ್ ಅಂತ ಹೊಡೆತ. ಗೇರ್‌ಬಾಕ್ಸ್ ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದೆ. ಕೆಂಪಗಿರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ ಥರ ಕಪ್ಪಾಗಿತ್ತು, ಸುಟ್ಟ ವಾಸನೆ ಬೇರೆ. ಒಳಗಿನ ಕ್ಲಚ್ ಪ್ಲೇಟುಗಳು ಹೋಗಿವೆ, ಬರೀ ಆಯಿಲ್ ಬದಲಿಸಿದರೆ ದುಡ್ಡು ದಂಡ ಅಂದರು ಮೆಕ್ಯಾನಿಕ್. ಹೊಸ ಗೇರ್‌ಬಾಕ್ಸ್ ಬೆಲೆ ಕೇಳಿ ಕಾರನ್ನೇ ಮಾರುವ ಮನಸ್ಸಾಯಿತು.

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಮೂರು ಶನಿವಾರ ಅಲೆದೆ. ಗೇರ್‌ಬಾಕ್ಸ್ ಮೇಲಿನ ನಂಬರ್ ತಾಳೆಯಾದ ಮೇಲೆಯೇ ದುಡ್ಡು ಕೊಟ್ಟೆ. ಕೂರಿಸುವ ಮೊದಲು ಮೆಕ್ಯಾನಿಕ್, ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಕೈಯಲ್ಲಿ ತಿರುಗಿಸುತ್ತಾ ಒಳಗೆ ಒತ್ತಿದರು. ಟಕ್ ಅಂತ ಒಂದು ಸದ್ದು, ಮತ್ತೊಂದು. ಅರ್ಧ ಕೂತಿರುವಾಗಲೇ ಬೋಲ್ಟ್ ಬಿಗಿದರೆ ಒಳಗಿನ ಆಯಿಲ್ ಪಂಪ್ ಒಡೆಯುತ್ತದಂತೆ. ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರ್‌ನ ಪೈಪನ್ನೂ ತೊಳೆಸಿದೆ. ಇಲ್ಲದಿದ್ದರೆ ಹಳೇ ಕಸವೆಲ್ಲ ಈ ಬಾಕ್ಸಿಗೇ ಬರುತ್ತದೆ, ಅಲ್ವಾ?

ಆಯಿಲ್ ತುಂಬಿ, ಬಿಸಿಯಾದ ಮೇಲೆ ಎಲ್ಲ ಗೇರ್‌ಗೂ ಒಮ್ಮೆ ಲಿವರ್ ಎಳೆದು, ಇಂಜಿನ್ ಓಡುತ್ತಿರುವಾಗಲೇ ಲೆವೆಲ್ ನೋಡಿದೆವು. ಈಗ ಹೆಬ್ಬಾಳದ ಏರು ಸಲೀಸು. ರಿವರ್ಸ್ ಮಾತ್ರ ಬೆಳಿಗ್ಗೆ ಬೆಳಿಗ್ಗೆ ತುಸು ತಡ.